ಹುಲ್ಲು ಒಪ್ಪದ ಯಂತ್ರ

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಕಡೆ ಸುಗ್ಗಿಯಲ್ಲಿ ಎರಡು ಬಗೆಯ ಕುಯ್ಲನ್ನು ಅಕ್ಕಪಕ್ಕದಲ್ಲೇ ಕಾಣಬಹುದು. ನಾಲೆ ಕೆಳಗಿನ ಗದ್ದೆಗೆ ಬೆಲ್ಟ್ ಮಷಿನ್ ಇಳಿದರೆ ಒಂದೆಕರೆ ಭತ್ತ ಒಂದೆರಡು ಗಂಟೆಯಲ್ಲಿ ಚೀಲಕ್ಕೆ ಬರುತ್ತದೆ. ಮೇಲಿನ ಬೆದ್ದಲಿನಲ್ಲಿ ಬಗ್ಗಿದ ಬೆನ್ನಿನ ಆಳುಗಳು ಕುಡುಗೋಲು ಹಿಡಿದು ರಾಗಿ ಅರಿ ಹಾಕುತ್ತಿರುತ್ತಾರೆ. ಊರು ಒಂದೇ, ಕೂಲಿಯ ದರ ಒಂದೇ, ಎಷ್ಟೋ ಸಲ ಎರಡೂ ಜಮೀನಿನ ಪಹಣಿ ಒಬ್ಬನದೇ. ಹಾಸನ ಸೀಮೆಗೆ ಕುಯ್ಲಿನ ಯಂತ್ರ ಏಕೆ ತಡವಾಗಿ ಬಂತು ಎಂದು ಕೇಳಿದರೆ ಸಿದ್ಧ ಉತ್ತರಗಳು ಸಿಗುತ್ತವೆ: ತುಂಡು ಹಿಡುವಳಿ, ಕೈಯಲ್ಲಿ ಕಾಸಿಲ್ಲ, ರೈತ ಹಳೆಯದನ್ನು ಬಿಡುವವನಲ್ಲ. ಆದರೆ ಒಬ್ಬನೇ ರೈತ ಗದ್ದೆಯಲ್ಲಿ ಯಂತ್ರವನ್ನು ಕರೆದು ಹೊಲದಲ್ಲಿ ಬೇಡವೆನ್ನುವುದಕ್ಕೆ ಈ ಮೂರರಲ್ಲಿ ಯಾವುದೂ ಕಾರಣವಾಗಲಾರದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ತಾಲ್ಲೂಕುಗಳಲ್ಲಿ ಯಾವ ಯಂತ್ರ ನೆಲೆಯೂರಿತು, ಯಾವುದು ಬಂದ ದಾರಿ ಹಿಡಿಯಿತು ಎಂಬುದನ್ನು ಕಾಳಿಗಿಂತ ಹೆಚ್ಚಾಗಿ ಹುಲ್ಲು ತೀರ್ಮಾನಿಸಿದೆ ಎಂಬುದು ನನ್ನ ವಾದ.

ರಾಗಿ ಬೆಳೆದವನಿಗೆ ಎರಡು ಬೆಳೆ ಸಿಗುತ್ತದೆ. ಒಂದು ಮನೆಯ ಕಣಜಕ್ಕೆ, ಇನ್ನೊಂದು ಹಿತ್ತಲ ಮೆದೆಗೆ. ತೂಕದಲ್ಲಿ ಹುಲ್ಲೇ ಕಾಳಿಗಿಂತ ಹೆಚ್ಚು. ಮೆದೆಯನ್ನು ಸರಿಯಾಗಿ ಒಟ್ಟಿದರೆ ಬರದ ವರ್ಷವನ್ನೂ ದಾಟಿಸುತ್ತದೆ. ಹಳ್ಳಿಕಾರ್ ಎತ್ತುಗಳ ಈ ನಾಡಿನಲ್ಲಿ ಬೂಕನಬೆಟ್ಟದ ಜಾತ್ರೆಗೋ ರಾಮನಾಥಪುರದ ಷಷ್ಠಿ ಜಾತ್ರೆಗೋ ಹೊಡೆದುಕೊಂಡು ಹೋದ ಜೋಡಿಯ ಬೆಲೆ ಹಿಂದಿನ ಸುಗ್ಗಿಯ ಮೆದೆಯಲ್ಲೇ ಅರ್ಧ ನಿಶ್ಚಯವಾಗಿರುತ್ತಿತ್ತು. ಹುಲ್ಲಿನ ಲೆಕ್ಕ ಯಂತ್ರದ ಚರಿತ್ರೆಗೆ ಹೊಸದೂ ಅಲ್ಲ. ಎತ್ತು ಹಿಂದಿನಿಂದ ತಳ್ಳಿಕೊಂಡು ಹೋಗುವ, ಹಲ್ಲುಗಳ ಪೆಟ್ಟಿಗೆಯಿಂದ ತೆನೆಯನ್ನಷ್ಟೇ ಕೀಳುವ ಗಾಡಿಯೊಂದು ರೋಮನ್ನರ ಕಾಲದ ಗಾಲ್ ಪ್ರಾಂತ್ಯದಲ್ಲಿ, ಎಂದರೆ ಈಗಿನ ಫ್ರಾನ್ಸಿನ ಕಡೆ, ಇತ್ತು. ಮೊದಲನೆಯ ಶತಮಾನದ ಪ್ಲಿನಿ ಅದನ್ನು ಹೇಳುತ್ತಾನೆ. ಆಮೇಲೆ ಬಂದ ಕೃಷಿ ಲೇಖಕ ಪಲ್ಲಾಡಿಯಸ್ ಅದರ ರಚನೆ ವಿವರಿಸಿ, ಇದು ಸಮತಟ್ಟಾದ ನೆಲಕ್ಕೂ ಹುಲ್ಲಿನ ಅಗತ್ಯ ಕಾಣದವರಿಗೂ ಸರಿ ಎಂದು ಷರತ್ತು ಹಾಕುತ್ತಾನೆ. 1843ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಕಡೆ ಜಾನ್ ರಿಡ್ಲಿ ಹೊರತಂದ ಯಂತ್ರವೂ ತೆನೆಯನ್ನು ಮಾತ್ರ ಬಾಚಿಕೊಂಡು ಹುಲ್ಲನ್ನು ಹೊಲದಲ್ಲೇ ಬಿಡುತ್ತಿತ್ತು. ಆಳು ಕಡಿಮೆ, ಭೂಮಿ ಬೇಕಾದಷ್ಟು, ಹುಲ್ಲಿಗೆ ಬೆಲೆಯಿಲ್ಲ. ಆ ನಾಡಿಗೆ ಅದು ಹೇಳಿ ಮಾಡಿಸಿದ ಯಂತ್ರ. ನಮ್ಮ ಸೀಮೆ ಪಲ್ಲಾಡಿಯಸ್ಸನ ಷರತ್ತಿನ ಎರಡೂ ಭಾಗದಲ್ಲಿ ಸೋಲುತ್ತಿತ್ತು.

ರೈತ ಹೊಸ ಸಾಧನಕ್ಕೆ ಬೆನ್ನು ತಿರುಗಿಸುತ್ತಾನೆ ಎಂಬ ಮಾತನ್ನು ಇಲ್ಲೇ ಪರೀಕ್ಷಿಸಬೇಕು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ರಾಗಿಯ ಬೇಸಾಯವನ್ನು ಬಿಡಿಬಿಡಿಯಾಗಿ ಬರೆದಿದ್ದಾನೆ. 1807ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಉಪಕರಣಗಳ ಚಿತ್ರಗಳೂ ಇವೆ. ಬಟ್ಟಲಿಗೆ ಹಾಕಿದ ಬೀಜವನ್ನು ಕೊಳವೆಗಳಲ್ಲಿ ಇಳಿಸಿ ಸಾಲು ಹಿಡಿಸುವ ಕೂರಿಗೆ, ಸಾಲುಗಳ ನಡುವೆ ಎತ್ತು ಹೂಡಿ ಕಳೆ ಕೀಳುವ ಕುಂಟೆ, ಎಲ್ಲವೂ ಆಗಲೇ ಇಲ್ಲಿ ಹಳೆಯ ವಸ್ತುಗಳು. ಇಂಗ್ಲೆಂಡಿನ ಜೆತ್ರೊ ಟಲ್ ಸಾಲು ಬಿತ್ತನೆಯ ಯಂತ್ರ ಮಾಡಿದ್ದು 1701ರ ಸುಮಾರಿಗೆ. ಅದೇ ಶತಮಾನದ ಕೊನೆಯಲ್ಲಿ ಆಂಧ್ರದ ಕಡೆಯಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್, ಯುರೋಪಿನದೆಂದು ತಾನು ನಂಬಿದ್ದ ಆ ಸಾಧನ ಇಲ್ಲಿನ ಹೊಲಗಳಲ್ಲಿ ಸಾಧಾರಣವಾಗಿ ಓಡಾಡುವುದನ್ನು ಕಂಡು ಬೆರಗಾಗಿ ಬರೆದ. (ನಮ್ಮಲ್ಲಿ ಮೊದಲೇ ಇತ್ತು ಎಂದು ಬೀಗುವುದಕ್ಕೆ ಇದನ್ನು ಹೇಳುತ್ತಿಲ್ಲ, ಆ ಬಗೆಯ ಬೀಗುವಿಕೆ ಇತಿಹಾಸಕ್ಕೆ ಕೆಲಸಕ್ಕೆ ಬಾರದು.) ಬಿತ್ತನೆಗೆ, ಕಳೆಗೆ ಇಷ್ಟು ಜಾಣತನದ ಸಾಧನಗಳನ್ನು ಕಟ್ಟಿದ ಜನ ಕುಯ್ಲಿಗೆ ಮಾತ್ರ ಒಂದಡಿ ಉದ್ದದ ಕುಡುಗೋಲಿನಲ್ಲೇ ಏಕೆ ನಿಂತರು ಎಂಬುದಕ್ಕೆ ಅಕ್ಕಡಿ ಸಾಲು ಒಂದು ಉತ್ತರ. ಕೂರಿಗೆಯ ಹಿಂದೆ ಒಂಟಿ ಕೊಳವೆ ಕಟ್ಟಿ, ಇಂತಿಷ್ಟು ರಾಗಿ ಸಾಲಿಗೆ ಒಂದರಂತೆ ಅವರೆ, ತೊಗರಿ, ಹುಚ್ಚೆಳ್ಳು ಬಿಡುತ್ತಿದ್ದರು. ರಾಗಿ ಮೊದಲು ಮಾಗುತ್ತದೆ, ಅವರೆ ಹೊಲದಲ್ಲಿ ನಿಂತೇ ಇರುತ್ತದೆ. ರಾಗಿಯನ್ನು ನೆಲಮಟ್ಟಕ್ಕೆ ಕುಯ್ದು ಅವರೆಯನ್ನು ಉಳಿಸಬಲ್ಲದ್ದು ಕುಡುಗೋಲು ಹಿಡಿದ ಕೈ ಮಾತ್ರ. ಕುಯ್ಲು ಕೆಳಗೆ ಹೋದಷ್ಟೂ ಮೆದೆ ಮೇಲೇಳುತ್ತದೆ ಎಂಬ ಲಾಭ ಬೇರೆ.

ಕಬ್ಬಿಣದ ನೇಗಿಲಿನ ಕಥೆ ಕುಯ್ಲಿನದಲ್ಲವಾದರೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಏಕೆಂದರೆ ರೈತನ ಹಟಮಾರಿತನಕ್ಕೆ ಸಾಕ್ಷಿಯಾಗಿ ಎಲ್ಲರೂ ಎತ್ತುವುದು ಅದನ್ನೇ. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್‌ರ ಕಾಲದಲ್ಲಿ, ಹೆಬ್ಬಾಳದ ಕೃಷಿ ಶಾಲೆ 1913ರಲ್ಲಿ ಶುರುವಾದ ಮೇಲೆ, ಸುಧಾರಿತ ನೇಗಿಲುಗಳ ಪ್ರಚಾರ ಸಂಸ್ಥಾನದಲ್ಲಿ ಜೋರಾಗಿ ನಡೆಯಿತು. ಹಾಸನದಲ್ಲೇ ಮೈಸೂರು ಇಂಪ್ಲಿಮೆಂಟ್ಸ್ ಫ್ಯಾಕ್ಟರಿ ಎಂಬ ಕೃಷಿ ಉಪಕರಣಗಳ ಕಾರ್ಖಾನೆ ಎದ್ದಿತು. ಆದರೂ ಮರದ ನೇಗಿಲು ಬಹುಕಾಲ ಜಾಗ ಬಿಡಲಿಲ್ಲ. ಇದಕ್ಕೂ ಮುಂಚೆ, 1893ರ ತನ್ನ ವರದಿಯಲ್ಲಿ, ಬ್ರಿಟಿಷ್ ಸರ್ಕಾರ ಕರೆಸಿದ್ದ ರಸಾಯನ ತಜ್ಞ ವೋಲ್ಕರ್ ಎಚ್ಚರಿಸಿದ್ದ: ಇಲ್ಲಿನ ಹಗುರ ನೇಗಿಲು ಇಲ್ಲಿನ ಮಣ್ಣಿಗೆ, ಎತ್ತಿಗೆ, ರೈತನ ಜೇಬಿಗೆ ಹೊಂದಿ ಬೆಳೆದದ್ದು, ಆತುರದಲ್ಲಿ ಕೀಳಾಗಿ ಕಾಣಬೇಡಿ ಎಂಬುದು ಅವನ ಮಾತಿನ ಸಾರ. ಭಾರದ ನೇಗಿಲಿಗೆ ಭಾರದ ಎತ್ತು ಬೇಕು, ಭಾರದ ಎತ್ತಿಗೆ ದೊಡ್ಡ ಮೆದೆ ಬೇಕು. ಇನ್ನೊಂದು ಸಂಗತಿಯೂ ಇದೆ. ಮರದ ನೇಗಿಲು ಕೆತ್ತುವ ಆಚಾರಿಗೂ ಗುಳ ತಟ್ಟುವ ಕಮ್ಮಾರನಿಗೂ ಕೂಲಿ ಸಂದಾಯವಾಗುತ್ತಿದ್ದದ್ದು ಆಯದ ರೂಪದಲ್ಲಿ, ಕಣದಲ್ಲಿ, ಹೊರೆ ಲೆಕ್ಕದಲ್ಲಿ. ಕಾರ್ಖಾನೆಯ ಬಿಡಿಭಾಗಕ್ಕೆ ಹೊರೆ ಕೊಡಲು ಬರುತ್ತದೆಯೇ? ಅಲ್ಲಿಗೆ ನಗದೇ ಬೇಕಿತ್ತು.

ಒಕ್ಕಣೆಗೆ ಬಂದರೆ ನನ್ನ ವಾದಕ್ಕೆ ಅತಿ ಗಟ್ಟಿಯಾದ ಪುರಾವೆ ರಸ್ತೆಯ ಮೇಲೇ ಬಿದ್ದಿದೆ. ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ 1786ರ ಸುಮಾರಿಗೆ ಕಟ್ಟಿದ ಒಕ್ಕಣೆ ಯಂತ್ರದ ತತ್ವ ಸರಳ: ತಿರುಗುವ ಡ್ರಮ್ಮು ತೆನೆಯನ್ನು ಬಡಿದು ಕಾಳುದುರಿಸುತ್ತದೆ. ನಮ್ಮ ಕಣದ ತತ್ವ ಬೇರೆ. ಸಗಣಿಯಿಂದ ಸಾರಿಸಿದ ಕಣದಲ್ಲಿ ರಾಗಿ ಹರಡಿ ಎತ್ತುಗಳಿಂದ ಕಲ್ಲಿನ ಗುಂಡು ಹೊಡೆಸಿದರೆ ಕಾಳು ಬಿಡುತ್ತದೆ, ಹುಲ್ಲು ತುಂಡಾಗದೆ ನುರಿದು ಮೆತ್ತಗಾಗುತ್ತದೆ. ಮೆತ್ತಗಾದದ್ದನ್ನು ದನ ಇಷ್ಟಪಟ್ಟು ಮೇಯುತ್ತದೆ; ಉದ್ದ ಉಳಿದದ್ದನ್ನು ಮೆದೆ ಒಟ್ಟಬಹುದು. ಗುಂಡು ಎಂಬುದು ಒಂದೇ ಏಟಿಗೆ ಒಕ್ಕಣೆಯ ಸಾಧನವೂ ಹೌದು, ಮೇವು ತಯಾರಿಸುವ ಸಾಧನವೂ ಹೌದು. ಎತ್ತುಗಳು ಕಡಿಮೆಯಾದಾಗ ಜನ ಏನು ಮಾಡಿದರು ನೋಡಿ. ಬಡಿಯುವ ಯಂತ್ರದ ಕಡೆಗೆ ಎಲ್ಲರೂ ಓಡಲಿಲ್ಲ. ಒಂದೋ ಅದೇ ಗುಂಡನ್ನು ಟ್ರ್ಯಾಕ್ಟರಿಗೆ ಕಟ್ಟಿದರು, ಇಲ್ಲವೇ ಟ್ರ್ಯಾಕ್ಟರನ್ನೇ ಕಣದಲ್ಲಿ ಸುತ್ತು ಹೊಡೆಸಿದರು, ಇಲ್ಲವೇ ರಾಗಿ, ಹುರುಳಿಯನ್ನು ಡಾಂಬರು ರಸ್ತೆಗೆ ಹಾಸಿ ಬಸ್ಸು ಲಾರಿಗಳ ಚಕ್ರಕ್ಕೆ ಒಪ್ಪಿಸಿದರು. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹೊತ್ತಿದೆ, ಬೈಕುಗಳು ಜಾರಿ ಜೀವ ಹೋಗಿವೆ. ಪೊಲೀಸರ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ರಸ್ತೆಯ ಒಕ್ಕಣೆಯನ್ನು ಬರೀ ಉಡಾಫೆ ಎಂದು ತಳ್ಳಿಹಾಕಿದರೆ ಅದರೊಳಗಿನ ಆಯ್ಕೆ ಕಾಣುವುದಿಲ್ಲ. ಟಯರೂ ಗುಂಡಿನಂತೆ ಉರುಳುತ್ತದೆ, ಹುಲ್ಲನ್ನು ಪುಡಿ ಮಾಡುವುದಿಲ್ಲ.

ಇಷ್ಟಕ್ಕೂ ಯಂತ್ರ ತಂದದ್ದು ಆಳಿನ ಅಭಾವವಲ್ಲವೇ ಎಂದು ಕೇಳಬಹುದು. ಬೆಂಗಳೂರಿಗೆ ಹೋದ ಹುಡುಗರು, ಏರಿದ ಕೂಲಿ, ಇವೆಲ್ಲ ನಿಜ. ಆದರೆ ಆಳಿನ ಅಭಾವ ಯಂತ್ರ ಬೇಕು ಎಂಬುದನ್ನು ಹೇಳುತ್ತದೆಯೇ ಹೊರತು ಎಂಥ ಯಂತ್ರ ಎಂಬುದನ್ನು ಹೇಳುವುದಿಲ್ಲ. ಅರಕಲಗೂಡಿನ ಹೊಗೆಸೊಪ್ಪನ್ನೇ ತೆಗೆದುಕೊಳ್ಳಿ. ಎಲೆ ಬುಡದಿಂದ ಮೇಲಕ್ಕೆ ಹಂತಹಂತವಾಗಿ ಮಾಗುವುದರಿಂದ ಅದನ್ನು ಸುತ್ತು ಸುತ್ತಾಗಿ ಕೈಯಲ್ಲೇ ಮುರಿಯಬೇಕು. ಅಲ್ಲೂ ಆಳು ದುಬಾರಿಯೇ. ಅಮೆರಿಕದಲ್ಲಿ ಇದಕ್ಕೆ ಯಂತ್ರಗಳಿವೆ, ರಾಮನಾಥಪುರದ ಹರಾಜು ಕಟ್ಟೆಗೆ ಬರುವ ಸೊಪ್ಪು ಇಂದಿಗೂ ಕೈಯಲ್ಲಿ ಮುರಿದದ್ದು. ತುಂಡು ಹಿಡುವಳಿಯ ಆಕ್ಷೇಪಕ್ಕೆ ಉತ್ತರ ಇನ್ನೂ ಸುಲಭ: ಯಾರೂ ಯಂತ್ರ ಕೊಳ್ಳಬೇಕಾಗಿಲ್ಲ. ಹೊರ ಜಿಲ್ಲೆ, ಹೊರ ರಾಜ್ಯಗಳ ಕಟಾವು ಯಂತ್ರಗಳು ಗಂಟೆ ಬಾಡಿಗೆಗೆ ಬರುತ್ತವೆ. 2014ರ ಆಚೀಚೆ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಸರ್ಕಾರದ ಕಡೆಯಿಂದಲೂ ಅದೇ ಕೆಲಸ ಮಾಡಿದವು.

ಹೆಚ್ಚು ತೂಕದ ಆಕ್ಷೇಪ ಭತ್ತದ್ದು. ಭತ್ತಕ್ಕೂ ಹುಲ್ಲಿದೆಯಲ್ಲ, ಅಲ್ಲೇಕೆ ಬೆಲ್ಟ್ ಮಷಿನ್ ಇಷ್ಟು ಸಲೀಸಾಗಿ ಗೆದ್ದಿತು? ಹೊಳೆನರಸೀಪುರದ ಕಡೆ ಹೇಮಾವತಿಗೆ ಶ್ರೀರಾಮದೇವರ ಅಣೆಕಟ್ಟಿನಂಥ ಹಳೆಯ ಕಟ್ಟೆಗಳಿದ್ದವು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ಹೊಸ ನಾಲೆಗಳು ಹರಿದ ಮೇಲೆ ನೀರಾವರಿ ಹಿಗ್ಗಿತು. ನೀರಿದ್ದಲ್ಲಿ ಹಸಿ ಮೇವು ಬೆಳೆಯಬಹುದು, ಬದುವಿನ ಮೇಲೆ ಹುಲ್ಲು ಚಿಗುರುತ್ತದೆ. ಅಲ್ಲಿ ಒಣಹುಲ್ಲು ದನದ ಏಕೈಕ ಆಧಾರವಲ್ಲ. ಜೊತೆಗೆ ಭತ್ತದ ಹುಲ್ಲು ಮೇವಾಗಿ ರಾಗಿ ಹುಲ್ಲಿಗಿಂತ ಒಂದು ಕೈ ಕೆಳಗೆ. ಅದಕ್ಕಿಂತ ಮುಖ್ಯವಾಗಿ, ಭತ್ತದಲ್ಲಿ ಯಂತ್ರ ಗೆದ್ದದ್ದೂ ಪೂರ್ತಿ ಗೆಲುವಲ್ಲ. ಕಟಾವು ಯಂತ್ರ ಉಗುಳಿಹೋದ ಹುಲ್ಲನ್ನು ಸುತ್ತಿ ಪೆಂಡಿ ಕಟ್ಟಲು ಅದರ ಹಿಂದೆಯೇ ಇನ್ನೊಂದು ಯಂತ್ರ ಬರಬೇಕಾಯಿತು. ಹುಲ್ಲನ್ನು ಕಡೆಗಣಿಸುವ ನಾಡಿನಲ್ಲಿ ಹುಟ್ಟಿದ ಸಾಧನ ಇಲ್ಲಿ ಉಳಿಯಲು ಎರಡನೆಯ ಯಂತ್ರವೊಂದರ ಜಾಮೀನು ಬೇಕಾಯಿತು ಎಂದಾಗ ನನ್ನ ವಾದ ಬಲಗೊಳ್ಳುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಎತ್ತು ಹೋದ ಮೇಲೆ ಹುಲ್ಲಿನ ಆಟವೂ ಮುಗಿಯಬೇಕಿತ್ತು. ಮುಗಿಯದಿದ್ದದ್ದು ಹಾಲಿನಿಂದ. 1970ರ ದಶಕದಲ್ಲಿ ಹಾಸನದಲ್ಲಿ ಹಾಲು ಒಕ್ಕೂಟ ಬೇರೂರಿ, ಹಳ್ಳಿಹಳ್ಳಿಯಲ್ಲಿ ಡೇರಿ ತೆರೆದು, ಎತ್ತಿನ ಗೂಟಕ್ಕೆ ಸೀಮೆಹಸು ಬಂತು. ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆ ರಾಗಿ ಹುಲ್ಲಿಗೆ ಹಿಂದೆಂದೂ ಇಲ್ಲದ ನಗದು ಬೆಲೆ ಕಟ್ಟಿತು. ಈಚೆಗೆ ರಾಗಿಗೂ ಕಟಾವು ಯಂತ್ರ ಇಳಿಯುತ್ತಿದೆ. ಇಳಿದಲ್ಲೆಲ್ಲ ಅಕ್ಕಡಿ ಸಾಲು ಉಳಿಯುವುದಿಲ್ಲ, ಬ್ಲೇಡು ಎಷ್ಟು ಕೆಳಗೆ ಓಡಿಸಬೇಕು ಎಂಬ ಬಗ್ಗೆ ಚಾಲಕನಿಗೂ ಹೊಲದವನಿಗೂ ಜಟಾಪಟಿ ತಪ್ಪುವುದಿಲ್ಲ. ಬ್ಲೇಡು ಎತ್ತರಿಸಿದರೆ ಯಂತ್ರಕ್ಕೆ ಹಗುರ, ತಗ್ಗಿಸಿದರೆ ಕಲ್ಲು ಮಣ್ಣು ಸಿಕ್ಕುವ ಭಯ. ತಳಿ ತಜ್ಞರ ಮುಂದಿರುವುದೂ ಇದೇ ತಕರಾರು: ಯಂತ್ರಕ್ಕೆ ಒರಗದ, ಗಿಡ್ಡನೆಯ, ಒಟ್ಟಿಗೆ ಮಾಗುವ ಪೈರು ಬೇಕು, ಹಸುವಿಗೆ ಎತ್ತರದ, ಎಲೆ ತುಂಬಿದ ಪೈರು ಬೇಕು. ಮುಸುಕಿನ ಜೋಳವನ್ನು ಹಸಿಯಾಗಿಯೇ ಕೊಚ್ಚಿ ಹುದುಗಿಸುವ ರಸಮೇವು ಡೇರಿ ಹಳ್ಳಿಗಳಲ್ಲಿ ಹಬ್ಬುತ್ತಿರುವುದರಿಂದ ಹಸು ಒಣಹುಲ್ಲಿನ ಹಂಗು ಬಿಟ್ಟರೂ ಬಿಡಬಹುದು. ಹಾಗಾದ ಹಳ್ಳಿಯಲ್ಲಿ ಬ್ಲೇಡಿನ ಎತ್ತರಕ್ಕೆ ಜಗಳವಾಡಲು ಯಾರಿಗೂ ಕಾರಣ ಇರುವುದಿಲ್ಲ.