ಗ್ರಾಫಿಕ್ ಡಿಸೈನ್ ಪದವಿ ಶಿಕ್ಷಣ: ಹೊಸೂರು–ಕೃಷ್ಣಗಿರಿ ಸೀಮೆ ಮತ್ತು ಕರ್ನಾಟಕ

ಅಕ್ಷರ, ಚಿತ್ರ, ಬಣ್ಣ ಮತ್ತು ಪುಟವಿನ್ಯಾಸಗಳ ಮೂಲಕ ಸಂದೇಶವನ್ನು ರೂಪಿಸುವ ವಿದ್ಯೆಯನ್ನು ವಿಶ್ವವಿದ್ಯಾಲಯದ ಪದವಿಯಾಗಿ ಕಲಿಸುವ ವ್ಯವಸ್ಥೆಗೆ ಗ್ರಾಫಿಕ್ ಡಿಸೈನ್ ಪದವಿ ಶಿಕ್ಷಣ ಎನ್ನುತ್ತಾರೆ. ಕರ್ನಾಟಕದಲ್ಲಿ ಮತ್ತು ಅದಕ್ಕೆ ಅಂಟಿಕೊಂಡಿರುವ ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ಈ ಪದವಿ ಮೂರು ಹೆಸರುಗಳಲ್ಲಿ ದೊರೆಯುತ್ತದೆ. ಕಲಾ ಕಾಲೇಜುಗಳಲ್ಲಿ ಇದು ಅನ್ವಯಿಕ ಕಲೆಯ ಬಿ.ಎಫ್.ಎ. ಅಥವಾ ಬಿ.ವಿ.ಎ. ಡಿಸೈನ್ ಸಂಸ್ಥೆಗಳಲ್ಲಿ ಬಿ.ಡಿಸ್. ತಮಿಳುನಾಡಿನ ಕಲೆ–ವಿಜ್ಞಾನ ಕಾಲೇಜುಗಳಲ್ಲಿ ವಿಶುವಲ್ ಕಮ್ಯೂನಿಕೇಶನ್ ವಿಷಯದ ಬಿ.ಎಸ್‌ಸಿ. ಇಲ್ಲಿ ಮೊದಲು ಪದವಿ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಚಾಲ್ತಿಯಲ್ಲಿವೆ. ಕಲಿಕೆ ಶುರುವಾದ ವರ್ಷ, ಸಂಸ್ಥೆ ಹುಟ್ಟಿದ ವರ್ಷ ಮತ್ತು ಪದವಿ ಆರಂಭವಾದ ವರ್ಷಗಳನ್ನು ಬಿಡಿಸಿ ನೋಡದಿರುವುದೇ ಇದಕ್ಕೆ ಮುಖ್ಯ ಕಾರಣ.

ಹಿನ್ನೆಲೆ

ವಸಾಹತು ಕಾಲದ ಕಲಾಶಾಲೆಗಳು ಕೈಕಸುಬು ಮತ್ತು ರೇಖಾಚಿತ್ರ ಕಲಿಸಲೆಂದು ಹುಟ್ಟಿದವು. ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ 1850ರಲ್ಲಿ ಆರಂಭಿಸಿದ ಶಾಲೆ ಇವುಗಳಲ್ಲಿ ಹಳೆಯದು. ಹೊಸೂರು ಆಗ ಮದ್ರಾಸ್ ಪ್ರಾಂತದ ಸೇಲಂ ಜಿಲ್ಲೆಯಲ್ಲಿತ್ತು. ಆಡಳಿತದ ಲೆಕ್ಕದಲ್ಲಿ ಈ ಸೀಮೆಗೆ ದಕ್ಕಿದ ಕಲಾಶಾಲೆ ಮದ್ರಾಸಿನದು. ಮೈಸೂರು ಸಂಸ್ಥಾನದಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇತ್ತು. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲಿ ಕಲಾಮಂದಿರವನ್ನು ಆರಂಭಿಸಿದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ, ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು 1935ರಲ್ಲಿ ಶಾಲೆ ತೆರೆದರು. ಇವೆಲ್ಲ ಡ್ರಾಯಿಂಗ್ ಪರೀಕ್ಷೆ ಮತ್ತು ಡಿಪ್ಲೊಮಾಗಳ ಕಾಲದ ಶಾಲೆಗಳು. ಇಲ್ಲಿ ಕಲಿತವರು ಶಾಲೆಗಳ ಡ್ರಾಯಿಂಗ್ ಮಾಸ್ಟರಾದರು, ಬೋರ್ಡು ಬರೆದರು, ಪ್ರೆಸ್ಸುಗಳಿಗೆ ಬ್ಲಾಕ್ ಮಾಡಲು ಚಿತ್ರ ಬರೆದುಕೊಟ್ಟರು.

ಭಾರತದಲ್ಲಿ ಕಲೆಯನ್ನು ವಿಶ್ವವಿದ್ಯಾಲಯದ ಪದವಿಯಾಗಿಸುವಲ್ಲಿ ಬರೋಡದ ಎಂ.ಎಸ್. ವಿಶ್ವವಿದ್ಯಾಲಯ ಮುಂದಿತ್ತು. ಅದರ ಲಲಿತಕಲಾ ನಿಕಾಯ ಆರಂಭವಾದದ್ದು 1950ರಲ್ಲಿ. ಜಾಹೀರಾತು ಕಲೆಗೆ ಮುಂಬಯಿಯಲ್ಲಿ 1958ರಲ್ಲಿ ಪ್ರತ್ಯೇಕ ಜೆ.ಜೆ. ಅನ್ವಯಿಕ ಕಲಾ ಸಂಸ್ಥೆ ರೂಪುಗೊಂಡರೂ ಅಲ್ಲಿ ಬಹುಕಾಲ ಕೊಡುತ್ತಿದ್ದುದು ಜಿ.ಡಿ. ಆರ್ಟ್ ಎಂಬ ಸರ್ಕಾರಿ ಡಿಪ್ಲೊಮಾ.

ಸ್ಥಾಪನೆಯ ವರ್ಷಗಳ ಗೊಂದಲ

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು 'ಕಾವಾ' ಎಂದೇ ಪರಿಚಿತ. ಅದರ ಹುಟ್ಟಿನ ವರ್ಷ ಕೆಲವು ಬರಹಗಳಲ್ಲಿ 1906 ಎಂದಿದ್ದರೆ ಇನ್ನು ಕೆಲವುಗಳಲ್ಲಿ 1980ರ ದಶಕದ ಆರಂಭ ಎಂದಿದೆ. ಎರಡಕ್ಕೂ ಆಧಾರವಿದೆ. ಮುಂದೆ ಐದನೆಯ ಜಾರ್ಜ್ ದೊರೆಯಾದ ವೇಲ್ಸ್ ರಾಜಕುಮಾರ 1906ರಲ್ಲಿ ಅಡಿಗಲ್ಲು ಹಾಕಿದ್ದು ತಾಂತ್ರಿಕ ಸಂಸ್ಥೆಗೆ. ಸ್ವೆತೋಸ್ಲಾವ್ ರೋರಿಕ್ ಅವರ ಸಮಿತಿಯ ಶಿಫಾರಸಿನ ಮೇಲೆ ಅದೇ ಪರಂಪರೆಯಲ್ಲಿ ದೃಶ್ಯಕಲೆಗೆ ಮೀಸಲಾದ ಅಕಾಡೆಮಿ ರೂಪುಗೊಂಡು ಮೈಸೂರು ವಿಶ್ವವಿದ್ಯಾಲಯದ ಪದವಿಗೆ ಸೇರಿದ್ದು 1980ರ ದಶಕದ ಆರಂಭದಲ್ಲಿ. ಮೈಸೂರು ವಿಶ್ವವಿದ್ಯಾಲಯವೇ 1916ರದಾದ್ದರಿಂದ 1906ನ್ನು ಪದವಿ ಶಿಕ್ಷಣದ ಆರಂಭ ಎನ್ನಲು ಬರುವುದಿಲ್ಲ.

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನದೂ ಇದೇ ಕಥೆ. ಎಂ.ಎಸ್. ನಂಜುಂಡರಾವ್ ಅವರ ಶ್ರಮದಿಂದ ಬೆಳೆದ ಪರಿಷತ್ತು ಸ್ಥಾಪನೆಯಾದದ್ದು 1960ರಲ್ಲಿ. ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1964ರಲ್ಲಿ. ಪರಿಷತ್ತಿನ ಕಲಾ ಕಾಲೇಜು ಆ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿ ಪದವಿ ಕಾಲೇಜಾಗಿ ನೆಲೆಗೊಂಡದ್ದು 1980ರ ದಶಕದಲ್ಲಿ. ದಾವಣಗೆರೆಯ ದೃಶ್ಯಕಲಾ ಕಾಲೇಜಿನ ಮೂಲ 1964ರ ಕಲಾಶಾಲೆ. ಹೀಗೆ ನೋಡಿದರೆ ಕರ್ನಾಟಕದಲ್ಲಿ ಅನ್ವಯಿಕ ಕಲೆ ಪದವಿಯ ವಿಷಯವಾಗಿ ಗಟ್ಟಿಗೊಂಡದ್ದು 1980ರ ದಶಕದಲ್ಲಿ. ಅದಕ್ಕೆ ಹಿಂದಿನದು ಕಲಿಕೆಯ ಇತಿಹಾಸವೇ ಹೊರತು ಪದವಿಯ ಇತಿಹಾಸವಲ್ಲ.

ಗ್ರಾಫಿಕ್ಸ್ ವಿಭಾಗ ಮತ್ತು ಅನ್ವಯಿಕ ಕಲೆ

ಹಳೆಯ ಪ್ರಾಸ್ಪೆಕ್ಟಸ್‌ಗಳನ್ನು ನೋಡಿ ಬರೆದವರು ಎಡವುವ ಇನ್ನೊಂದು ಜಾಗವಿದು. ಕಲಾ ಕಾಲೇಜುಗಳ ಗ್ರಾಫಿಕ್ಸ್ ವಿಭಾಗದಲ್ಲಿ ಕಲಿಸುವುದು ಎಚಿಂಗ್, ಲಿಥೋಗ್ರಫಿ, ವುಡ್‌ಕಟ್ ಮೊದಲಾದ ಅಚ್ಚುಕಲೆಯನ್ನು. ಪೋಸ್ಟರ್, ಲಾಂಛನ, ಪುಸ್ತಕದ ಮುಖಪುಟ, ಪ್ಯಾಕಿಂಗ್, ಜಾಹೀರಾತುಗಳೆಲ್ಲ ಅನ್ವಯಿಕ ಕಲೆಯ ಪಾಲು. ಆದ್ದರಿಂದ ಗ್ರಾಫಿಕ್ಸ್‌ನಲ್ಲಿ ಬಿ.ಎಫ್.ಎ. ಎಂಬ ದಾಖಲೆ ಕಂಡ ಮಾತ್ರಕ್ಕೆ ಅದನ್ನು ಗ್ರಾಫಿಕ್ ಡಿಸೈನ್ ಪದವಿ ಎಂದು ಎಣಿಸಲಾಗದು.

ಆದರೆ ಎರಡರ ನಡುವೆ ಓಡಾಟವಿತ್ತು. ಪುತ್ತೂರಿನವರಾದ ಚಂದ್ರನಾಥ ಆಚಾರ್ಯ ಅವರು ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆಯಲ್ಲಿ ಕಲಿತರು. ಶಾಂತಿನಿಕೇತನದಲ್ಲಿ ಅಚ್ಚುಕಲೆಯ ಅಭ್ಯಾಸ ಮಾಡಿದರು. ಬಳಿಕ ಪ್ರಜಾವಾಣಿ ಬಳಗದ ಪತ್ರಿಕೆಗಳಲ್ಲಿ ಚಿತ್ರಕಾರರಾಗಿ ದುಡಿದರು. ಕನ್ನಡ ಪತ್ರಿಕೆಗಳ ಪುಟಗಳ ರೂಪವನ್ನು ಆ ತಲೆಮಾರಿನಲ್ಲಿ ತಿದ್ದಿದವರ ಕೈಯಲ್ಲಿ ಡಿಸೈನ್ ಪದವಿ ಇರಲಿಲ್ಲ. ಕಲಾಶಾಲೆಯ ತರಬೇತಿ ಇತ್ತು.

ಡಿಪ್ಲೊಮಾದಿಂದ ಪದವಿಗೆ

ಈ ಇತಿಹಾಸದ ಮುಖ್ಯ ತಿರುವು ಕಾನೂನಿನಿಂದ ಬಂತು. 1956ರ ಯುಜಿಸಿ ಕಾಯ್ದೆಯ 22ನೇ ಕಲಮಿನ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ಪ್ರತ್ಯೇಕವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ 1958ರ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ಡಿಸೈನ್ ಸಂಸ್ಥೆ, ಅಂದರೆ ಎನ್.ಐ.ಡಿ., ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ. ದೇಶದಲ್ಲಿ ಗ್ರಾಫಿಕ್ ಡಿಸೈನ್ ಶಿಕ್ಷಣಕ್ಕೆ ಮಾದರಿ ಎನಿಸಿದ್ದರೂ ಅದು ಅರ್ಧ ಶತಮಾನ ಕೊಟ್ಟದ್ದು ಡಿಪ್ಲೊಮಾ. 2014ರ ಎನ್.ಐ.ಡಿ. ಕಾಯ್ದೆ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿದ ಮೇಲೆ ಬಿ.ಡಿಸ್. ಮತ್ತು ಎಂ.ಡಿಸ್. ಪದವಿಗಳು ಸಾಧ್ಯವಾದವು. ಎನ್.ಐ.ಡಿ.ಯ ಬೆಂಗಳೂರು ಆವರಣ 2000ದ ದಶಕದ ನಡುವಿನಲ್ಲಿ ಆರಂಭವಾಯಿತು. ಅಲ್ಲಿರುವುದು ಸ್ನಾತಕೋತ್ತರ ವಿಷಯಗಳು. ಅದನ್ನು ಬೆಂಗಳೂರಿನ ಗ್ರಾಫಿಕ್ ಡಿಸೈನ್ ಪದವಿ ಕಾಲೇಜು ಎಂದು ಪಟ್ಟಿ ಮಾಡುವುದು ಸರಿಯಲ್ಲ.

ಗೀತಾ ನಾರಾಯಣನ್ ಅವರು 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸೃಷ್ಟಿ ಸಂಸ್ಥೆಯೂ ಮೊದಲು ಕೊಡುತ್ತಿದ್ದುದು ವೃತ್ತಿಪರ ಡಿಪ್ಲೊಮಾ. ಈಗ ಅದು ಮಣಿಪಾಲದ ಮಾಹೆ ಡೀಮ್ಡ್ ವಿಶ್ವವಿದ್ಯಾಲಯದ ಅಂಗಸಂಸ್ಥೆ. ಬೆಂಗಳೂರಿನಲ್ಲಿ 1997ರಿಂದ ಇರುವ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್‌ಗೆ ಪದವಿಯ ಅಧಿಕಾರ ಸಿಕ್ಕಿದ್ದು 2006ರ ನಿಫ್ಟ್ ಕಾಯ್ದೆಯಿಂದ. ಅದರ ಫ್ಯಾಶನ್ ಕಮ್ಯೂನಿಕೇಶನ್ ವಿಷಯದಲ್ಲಿ ಗ್ರಾಫಿಕ್ ಡಿಸೈನ್‌ಗೆ ದೊಡ್ಡ ಪಾಲಿದೆ. ಕೇಂದ್ರ ಸಂಪುಟ 2007ರಲ್ಲಿ ಒಪ್ಪಿದ ರಾಷ್ಟ್ರೀಯ ಡಿಸೈನ್ ನೀತಿ, 2015ರಲ್ಲಿ ಐಐಟಿ ಬಾಂಬೆ ಆರಂಭಿಸಿದ ಯುಸೀಡ್ ಪ್ರವೇಶ ಪರೀಕ್ಷೆ, ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಹೆಚ್ಚಿದ ಖಾಸಗಿ ವಿಶ್ವವಿದ್ಯಾಲಯಗಳು ಬಿ.ಡಿಸ್. ಎಂಬ ಹೆಸರನ್ನು ಮನೆಮಾತಾಗಿಸಿದವು. ಮೊಬೈಲ್ ಆ್ಯಪ್ ಮತ್ತು ಜಾಲತಾಣಗಳ ಪರದೆ ರೂಪಿಸುವ ಕೆಲಸಕ್ಕೆ ಐಟಿ ಕಂಪನಿಗಳಲ್ಲಿ ಬೇಡಿಕೆ ಬಂದದ್ದೂ ಇದೇ ಹೊತ್ತಿಗೆ.

ಹೊಸೂರು–ಕೃಷ್ಣಗಿರಿ ಸೀಮೆ

ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿ.ಮೀ. ದೂರ, ಚೆನ್ನೈ ಸುಮಾರು 300 ಕಿ.ಮೀ. ಆದರೆ ಕಾಲೇಜುಗಳ ಸಂಯೋಜನೆ ರಾಜ್ಯದ ಗಡಿಯನ್ನು ಅನುಸರಿಸುತ್ತದೆ. ಈ ಭಾಗ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಹೊಸ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಮೊದಲು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಇಲ್ಲಿನ ಕಲೆ–ವಿಜ್ಞಾನ ಕಾಲೇಜುಗಳು, ಸೇಲಂನಲ್ಲಿ 1997ರಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ತಮಿಳುನಾಡಿನಲ್ಲಿ ಇಂಥ ಕಾಲೇಜುಗಳ ದಾರಿ ಮೂರು ವರ್ಷದ ವಿಶುವಲ್ ಕಮ್ಯೂನಿಕೇಶನ್ ಬಿ.ಎಸ್‌ಸಿ. ವಿದ್ಯಾರ್ಥಿಗಳ ಬಾಯಲ್ಲಿ ಅದು ವಿಸ್‌ಕಾಂ. ಛಾಯಾಗ್ರಹಣ, ಚಲನಚಿತ್ರ, ಜಾಹೀರಾತು, ಗ್ರಾಫಿಕ್ಸ್ ಸಾಫ್ಟ್‌ವೇರ್ ಎಲ್ಲವೂ ಒಂದೇ ಪಠ್ಯದಲ್ಲಿ ಬರುವುದರಿಂದ ಅದನ್ನು ಡಿಸೈನ್ ಪದವಿ ಎನ್ನಬೇಕೋ ಮಾಧ್ಯಮ ಪದವಿ ಎನ್ನಬೇಕೋ ಎಂಬಲ್ಲಿ ಒಮ್ಮತವಿಲ್ಲ. ನಾಲ್ಕು ವರ್ಷದ ಬಿ.ಎಫ್.ಎ. ಬೇಕೆಂದವರಿಗೆ ಸರ್ಕಾರಿ ಕಾಲೇಜುಗಳಿರುವುದು ಚೆನ್ನೈ ಮತ್ತು ಕುಂಭಕೋಣಂನಲ್ಲಿ. ಹತ್ತಿರದ ಆಯ್ಕೆ ಅತ್ತಿಬೆಲೆ ದಾಟಿದರೆ ಸಿಗುವ ಬೆಂಗಳೂರು.

ಈ ಸೀಮೆಯಲ್ಲಿ ಡಿಸೈನ್ ಕೆಲಸ ಕಾಲೇಜಿಗಿಂತ ಮೊದಲು ಕಾರ್ಖಾನೆಗೆ ಬಂತು. ಸಿಪ್‌ಕಾಟ್ ಕೈಗಾರಿಕಾ ಪ್ರದೇಶ, ಅಶೋಕ್ ಲೇಲ್ಯಾಂಡ್ ಮತ್ತು ಟಿವಿಎಸ್ ಘಟಕಗಳ ಜೊತೆಗೆ 1980ರ ದಶಕದಲ್ಲಿ ಟೈಟನ್ ಗಡಿಯಾರ ಕಾರ್ಖಾನೆ ಹೊಸೂರಿಗೆ ಬಂತು. ಟಾಟಾ ಸಮೂಹ ಮತ್ತು ತಮಿಳುನಾಡಿನ ಟಿಡ್ಕೊ 1984ರಲ್ಲಿ ಕೂಡಿ ಕಟ್ಟಿದ ಕಂಪನಿಯದು. ಗಡಿಯಾರದ ಮುಖಬಿಲ್ಲೆಯಲ್ಲಿ ಅಂಕಿ, ಗೆರೆ, ಅಂತರಗಳ ಲೆಕ್ಕಾಚಾರ ಗ್ರಾಫಿಕ್ ಡಿಸೈನ್‌ನದೇ ಕೆಲಸ. ಟೈಟನ್ ತನ್ನದೇ ಡಿಸೈನ್ ತಂಡ ಕಟ್ಟಿ, ಎನ್.ಐ.ಡಿ.ಯಲ್ಲಿ ಕಲಿತವರನ್ನು ಸೇರಿಸಿಕೊಂಡಿತು. 2002ರ ತೆಳು ಗಡಿಯಾರ 'ಟೈಟನ್ ಎಡ್ಜ್' ರೂಪಿಸಿದ ಮೈಕೆಲ್ ಫೋಲಿ ಅಂಥವರಲ್ಲಿ ಒಬ್ಬರು. ಅವರು ಕಲಿತ ಕಾಲದಲ್ಲಿ ಎನ್.ಐ.ಡಿ. ಕೊಡುತ್ತಿದ್ದುದು ಡಿಪ್ಲೊಮಾ ಎಂಬುದು ಗಮನಾರ್ಹ.

ಲಿಪಿಗಳು ಮತ್ತು ಪಠ್ಯ

ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರುಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಬಳಕೆಯಲ್ಲಿವೆ. ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸಿದ 2006ರ ತಮಿಳುನಾಡು ಕಾಯ್ದೆ ಭಾಷಾ ಅಲ್ಪಸಂಖ್ಯಾತರ ಶಾಲೆಗಳ ವಿಷಯದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಆದರೂ ಇಲ್ಲಿ ಕನ್ನಡ ಓದಿದ ಹುಡುಗ ಹುಡುಗಿಯರಿಗೆ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಲಿಪಿಗಳ ಪರಿಚಯ ಶಾಲೆಯಲ್ಲೇ ಆಗುತ್ತದೆ. ಅಕ್ಷರ ವಿನ್ಯಾಸದ ಪಾಠಕ್ಕೆ ಇದು ಒಳ್ಳೆಯ ಬಂಡವಾಳ.

ಒಂದು ನಾಮಫಲಕವನ್ನು ನೋಡಿದರೆ ಇದು ತಿಳಿಯುತ್ತದೆ. 'ರಾಷ್ಟ್ರೀಯ' ಎಂದು ಕನ್ನಡದಲ್ಲಿ ಬರೆದಾಗ ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು ಬರುತ್ತವೆ. ದೀರ್ಘದ ಗುರುತು ಬಲಕ್ಕೆ ಚಾಚುತ್ತದೆ. ತಮಿಳಿನಲ್ಲಿ ಅದೇ ಪದದ ಅಕ್ಷರಗಳು ಒಂದರ ಪಕ್ಕ ಒಂದು ಕೂತು, ವ್ಯಂಜನದ ತಲೆಯ ಮೇಲೆ ಚುಕ್ಕೆ ಬೀಳುತ್ತದೆ. ಎರಡು ಸಾಲುಗಳಿಗೂ ಒಂದೇ ಎತ್ತರ ಕೊಟ್ಟರೆ ಕನ್ನಡದ ಒತ್ತುಗಳು ಕೆಳಗಿನ ಸಾಲಿಗೆ ತಗಲುತ್ತವೆ. ತಗಲದಿರಲೆಂದು ಅಕ್ಷರ ಕುಗ್ಗಿಸಿದರೆ ಕನ್ನಡ ಬಡಕಲಾಗಿ ಕಾಣುತ್ತದೆ. ಪೋಸ್ಟರ್ ಕಲರ್ ಮತ್ತು ಕುಂಚದ ಕಾಲದಲ್ಲಿ ಬೋರ್ಡು ಬರೆಯುವವರು ಇದನ್ನು ಕಣ್ಣಳತೆಯಲ್ಲಿ ಸರಿದೂಗಿಸುತ್ತಿದ್ದರು.

ಕಂಪ್ಯೂಟರ್ ಬಂದ ಮೇಲೆ ಸಮಸ್ಯೆ ಫಾಂಟಿನೊಳಗೆ ಹೋಯಿತು. ಡಿಟಿಪಿ ಕಾಲದಲ್ಲಿ ಪೇಜ್‌ಮೇಕರ್, ಕೋರಲ್‌ಡ್ರಾಗಳಲ್ಲಿ ಶ್ರೀಲಿಪಿ, ನುಡಿ, ಬರಹ ಫಾಂಟುಗಳು ಓಡಾಡಿದವು. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ ಡಿಸೈನ್ ತಂತ್ರಾಂಶಗಳು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲು ಬಹಳ ವರ್ಷ ಹಿಡಿಯಿತು. ಹೀಗಾಗಿ ವಿದ್ಯಾರ್ಥಿಗಳ ಕೆಲಸದಲ್ಲಿ ಇಂಗ್ಲಿಷ್ ಅಕ್ಷರಗಳೇ ಮೇಲುಗೈ ಪಡೆದವು. ಏಕ್ ಟೈಪ್ ಸಂಸ್ಥೆ 2022ರಲ್ಲಿ ಉಚಿತ ಪರವಾನಗಿಯಡಿ ಬಿಡುಗಡೆ ಮಾಡಿದ 'ಅನೇಕ್' ಕುಟುಂಬದಲ್ಲಿ ಕನ್ನಡ, ತಮಿಳು, ತೆಲುಗು, ರೋಮನ್ ಸೇರಿ ಹತ್ತು ಲಿಪಿಗಳು ಒಂದೇ ಅಳತೆಗೆ ಹೊಂದಿಕೊಂಡಿವೆ. ಅದರ ಕನ್ನಡ ಅಕ್ಷರಗಳು ವೈಷ್ಣವಿ ಮೂರ್ತಿ ಅವರವು. ತುಳು–ತಿಗಳಾರಿ ಲಿಪಿಯನ್ನು ಯುನಿಕೋಡ್‌ಗೆ ಸೇರಿಸುವ ಪ್ರಸ್ತಾವದಲ್ಲೂ ಅವರ ಪಾಲಿದೆ. ಆ ಲಿಪಿ 2024ರ ಆವೃತ್ತಿಯಲ್ಲಿ ಸೇರ್ಪಡೆಯಾಯಿತು.

ಇಂದಿನ ಸ್ಥಿತಿ

ಕರ್ನಾಟಕ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಚೌಕಟ್ಟನ್ನು ಜಾರಿಗೆ ತಂದು, 2024ರಲ್ಲಿ ಸಾಮಾನ್ಯ ಪದವಿಗಳನ್ನು ಮತ್ತೆ ಮೂರು ವರ್ಷಕ್ಕೆ ತಂದಿತು. ತಮಿಳುನಾಡು ಆ ನೀತಿಯನ್ನು ಒಪ್ಪಿರಲಿಲ್ಲ. ಬಿ.ಡಿಸ್. ಎರಡೂ ಕಡೆ ನಾಲ್ಕು ವರ್ಷದ್ದಾಗಿಯೇ ಉಳಿದಿದೆ. ಸರ್ಕಾರಿ ಮತ್ತು ಅನುದಾನಿತ ಕಲಾ ಕಾಲೇಜುಗಳಿಗೂ ಖಾಸಗಿ ಡಿಸೈನ್ ಸಂಸ್ಥೆಗಳಿಗೂ ಶುಲ್ಕದಲ್ಲಿ ಅಜಗಜಾಂತರವಿದೆ. ಗಡಿಭಾಗದ ವಿದ್ಯಾರ್ಥಿ ಯಾವ ಪದವಿಗೆ ಸೇರುತ್ತಾರೆ ಎಂಬುದನ್ನು ಪಠ್ಯಕ್ರಮದಷ್ಟೇ ಇದೂ ನಿರ್ಧರಿಸುತ್ತದೆ.

ಪದವಿಗಳ ಹೆಸರಿನ ಜಗಳ ಸ್ನಾತಕೋತ್ತರ ಹಂತಕ್ಕೆ ಬಂದಾಗ ಸಡಿಲಗೊಳ್ಳುತ್ತದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿಸ್. ಪ್ರವೇಶಕ್ಕೆ ನಡೆಯುವ ಸೀಡ್ ಪರೀಕ್ಷೆಗೆ ಪಿಯುಸಿ ನಂತರ ಕನಿಷ್ಠ ಮೂರು ವರ್ಷದ ಪದವಿ ಅಥವಾ ಡಿಪ್ಲೊಮಾ ಸಾಕು. ಜಿ.ಡಿ. ಆರ್ಟ್ ಡಿಪ್ಲೊಮಾ ಪಡೆದು ಒಂದು ವರ್ಷ ಕೆಲಸ ಮಾಡಿದವರಿಗೂ ಅವಕಾಶವಿದೆ. ವಿಸ್‌ಕಾಂ, ಬಿ.ವಿ.ಎ., ಬಿ.ಡಿಸ್. ಮೂರರಲ್ಲಿ ಯಾವುದನ್ನು ಓದಿದವರೂ ಈ ಪರೀಕ್ಷೆಗೆ ಕೂರಬಹುದು. ಪರೀಕ್ಷೆಯ ಒಂದು ಭಾಗದಲ್ಲಿ ಅಭ್ಯರ್ಥಿ ಕೈಯಿಂದಲೇ ಚಿತ್ರ ಬರೆದು ತೋರಿಸಬೇಕು.