ಹೊಳಪು ಮತ್ತು ಎಡ–ಬಲ

ಕಂಡ ವಸ್ತುವಿನ ಹೊಳಪನ್ನು ಮನಸ್ಸು ಎಡಕ್ಕೋ ಬಲಕ್ಕೋ ಹೊಂದಿಸಿಕೊಳ್ಳುವ ಒಲವು. ಬೇರೆ ಬೇರೆ ಮೂರು ಸಂಗತಿಗಳನ್ನು ಈ ಹೆಸರಿನಡಿ ಬೆರೆಸಿ ಬರೆಯುವುದರಿಂದ ಇದರ ಇತಿಹಾಸ ಗೋಜಲಾಗಿದೆ.

ಮೊದಲನೆಯದು ಗಮನಕ್ಕೆ ಸೇರಿದ್ದು. ಒಂದರ ಕೆಳಗೊಂದು ಎರಡು ಬೂದು ಪಟ್ಟಿಗಳು: ಒಂದರ ಕಪ್ಪು ಎಡದಿಂದ ಬಲಕ್ಕೆ ತಿಳಿಯಾಗುತ್ತದೆ, ಇನ್ನೊಂದು ಅದರ ಕನ್ನಡಿಬಿಂಬ. ಒಟ್ಟು ಕಪ್ಪು ಎರಡರಲ್ಲೂ ಸಮ. ಆದರೂ ಯಾವುದು ಹೆಚ್ಚು ಕಪ್ಪು ಎಂದು ಕೇಳಿದರೆ ಬಹಳ ಮಂದಿ ಎಡತುದಿ ಕಪ್ಪಾದ ಪಟ್ಟಿಯನ್ನೇ ತೋರಿಸುತ್ತಾರೆ. ಇದನ್ನು 1994ರಲ್ಲಿ ಮ್ಯಾಟಿಂಗ್ಲಿ ಮತ್ತು ಸಂಗಡಿಗರು ದಾಖಲಿಸಿದರು. ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ ಎಡದ ಕಡೆಗೆ ಗಮನವೇ ಹೋಗದ ರೋಗಿಗಳಲ್ಲಿ ಒಲವು ತಿರುಗುಮುರುಗಾಗುತ್ತದೆ.

ಎರಡನೆಯದು ಪ್ರಮಾಣಕ್ಕೆ ಸೇರಿದ್ದು. ಸಣ್ಣ ಸಂಖ್ಯೆಗೆ ಎಡಗೈ, ದೊಡ್ಡದಕ್ಕೆ ಬಲಗೈ ಚುರುಕು ಎಂದು 1993ರಲ್ಲಿ ಡೆಹೇನ್ ತಂಡ ತೋರಿಸಿತ್ತು. 2014ರಲ್ಲಿ ಇಟಲಿಯ ಫುಮರೋಲಾ ಮತ್ತು ಸಂಗಡಿಗರು ಹೊಳಪಿಗೂ ಇಂಥದೇ ನಂಟನ್ನು ಕಂಡರು: ಮಂಕಾದದ್ದು ಎಡಕ್ಕೆ, ಪ್ರಖರವಾದದ್ದು ಬಲಕ್ಕೆ. ಮೂರನೆಯದು, ಬೆಳಕು ಮೇಲಿನಿಂದ, ತುಸು ಎಡದಿಂದ ಬೀಳುತ್ತಿದೆ ಎಂಬ ಕಣ್ಣಿನ ಊಹೆ (ಸನ್ ಮತ್ತು ಪೆರೋನಾ, 1998).

ಓದುವ ದಿಕ್ಕು ಇವಕ್ಕೆ ಕಾರಣವೇ ಎಂಬಲ್ಲಿ ದಾಖಲೆಗಳು ಒಂದಕ್ಕೊಂದು ಒಪ್ಪುವುದಿಲ್ಲ. ಬೂದು ಪಟ್ಟಿಯ ಪರೀಕ್ಷೆಯಲ್ಲಿ, ಬಲದಿಂದ ಎಡಕ್ಕೆ ಓದುವ ಹೀಬ್ರೂ ಓದುಗರಿಗೂ ಎಡದೊಲವೇ ಇತ್ತೆಂದು ನಿಕೋಲ್ಸ್ ಮತ್ತು ರಾಬರ್ಟ್ಸ್ 2002ರಲ್ಲಿ ಬರೆದರು. ಬಲದಿಂದ ಎಡಕ್ಕೆ ಓದುವವರಲ್ಲಿ ಅದು ತಗ್ಗುತ್ತದೆಂದು 2014ರಲ್ಲಿ ಫ್ರೀಡ್ರಿಕ್ ಮತ್ತು ಎಲಿಯಾಸ್ ಬರೆದರು. ಬೆಳಕಿನ ಮೂಲದ ಊಹೆಯೂ ಹೀಬ್ರೂ ಓದುಗರಲ್ಲಿ ಕಡಿಮೆ ಎಂಬ ವರದಿ 2013ರದು. ಸಂಖ್ಯೆಯ ವಿಷಯದಲ್ಲಂತೂ, ಏನನ್ನೂ ಓದದ ಕೋಳಿಮರಿಗಳೇ ಕಡಿಮೆಯನ್ನು ಎಡಕ್ಕೆ ಹುಡುಕುತ್ತವೆಂಬ 2015ರ ಪ್ರಯೋಗ ಓದಿನ ವಾದಕ್ಕೆ ದೊಡ್ಡ ಅಡ್ಡಿ.

ಕರ್ನಾಟಕದ ಕೊಡುಗೆ 2002ರದು. ಮೈಸೂರಿನ ಪ್ರಕಾಶ ಪದಕಣ್ಣಾಯ, ಶ್ಯಾಮಲಾ ಚೆಂಗಪ್ಪ, ಅಮೆರಿಕದ ಜ್ಯೋತ್ಸ್ನಾ ವೈದ್ ಮೊದಲಾದವರು, ಚಿತ್ರಗಳನ್ನು ಹೆಸರಿಸುವ ಮತ್ತು ನೆನೆಯುವ ಕ್ರಮಕ್ಕೂ ಓದಿನ ರೂಢಿ ಎಷ್ಟು ಗಟ್ಟಿ ಎಂಬುದಕ್ಕೂ ಇರುವ ನಂಟನ್ನು ಪರೀಕ್ಷಿಸಿದರು. ಅವರು ಅಳೆದದ್ದು ನೋಟ ಸಾಗುವ ದಿಕ್ಕನ್ನೇ ಹೊರತು ಹೊಳಪನ್ನಲ್ಲ. ಹೊಳಪಿನ ಚರ್ಚೆಗೆ ಅದನ್ನು ನೇರ ಪುರಾವೆಯಾಗಿ ಎಳೆದು ತರುವುದು ಸಲ್ಲದು.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಓದುವ ದಿಕ್ಕಿನ ಪ್ರಶ್ನೆಗೆ ಇನ್ನೊಂದು ಮಗ್ಗುಲುಂಟು. ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಕನ್ನಡ, ತೆಲುಗುಗಳನ್ನು ಎಡದಿಂದಲೂ ಉರ್ದುವನ್ನು ಬಲದಿಂದಲೂ ಓದುತ್ತಾರೆ. ಉರ್ದುವಿನಲ್ಲೂ ಅಂಕಿಗಳ ಬರವಣಿಗೆ ಎಡದಿಂದಲೇ. ಹೀಗೆಯೇ ಪದಕ್ಕೊಂದು, ಅಂಕಿಗೊಂದು ದಿಕ್ಕಿರುವ ಇಸ್ರೇಲಿಗಳಲ್ಲಿ ಸಂಖ್ಯೆಗೆ ಯಾವ ಒಲವೂ ಕಾಣಲಿಲ್ಲವೆಂದು ಶಾಕಿ, ಫಿಶರ್ ಮತ್ತು ಪೆಟ್ರುಸಿಕ್ 2009ರಲ್ಲಿ ವರದಿ ಮಾಡಿದ್ದರು.