ಹಳೆಯ ವಿಂಡೋಸ್ ಮತ್ತು ನಮ್ಮ ಕನ್ನಡ ಕಡತಗಳು

ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರ್ ಅಲಿ ಹುಟ್ಟಿದ ಊರೆಂದು ನೀವು ಚರಿತ್ರೆಯ ಪಾಠದಲ್ಲಿ ಓದಿರುತ್ತೀರಿ. ಅದರ ಇತ್ತೀಚಿನ ಚರಿತ್ರೆಯ ಒಂದು ಘಟ್ಟ ಪಠ್ಯಪುಸ್ತಕದಲ್ಲಿ ಇಲ್ಲ. ಹಿಂದೆ ಅಲ್ಲಿನ ರೈತರಿಗೆ ಪಹಣಿಯನ್ನು ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದು ಕೊಡುತ್ತಿದ್ದರು. 2001ರ ಸುಮಾರಿಗೆ ‘ಭೂಮಿ’ ಯೋಜನೆ ಬಂದ ಮೇಲೆ ಬಂಗಾರಪೇಟೆಯ ತಾಲ್ಲೂಕು ಕಚೇರಿಯ ಗಣಕದಿಂದ ಮುದ್ರಿತ ಪಹಣಿ ಸಿಗತೊಡಗಿತು. ಆಗ ಶುಲ್ಕ 15 ರೂಪಾಯಿ ಇತ್ತು. ರಾಜ್ಯದಾದ್ಯಂತ ಸುಮಾರು 2 ಕೋಟಿ ದಾಖಲೆಗಳು ಹೀಗೆ ಗಣಕ ಸೇರಿದವು. ಆ ಕಾಲದ ವಿಂಡೋಸ್ ಆವೃತ್ತಿಗಳೆಲ್ಲ ಈಗ ನಿಂತುಹೋಗಿವೆ. ಪಹಣಿ ನಿಂತಿಲ್ಲ, ದಾಖಲೆಯನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ಹೊಣೆ ಒಂದು ಇಲಾಖೆಯ ಮೇಲಿತ್ತು.

ಅದೇ ವರ್ಷಗಳಲ್ಲಿ ನಿಮ್ಮ ಶಾಲೆಯ ಗಣಕದಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಯನ್ನು ಇಂದಿನ ಗಣಕದಲ್ಲಿ ತೆರೆದು ನೋಡಿ. ಕನ್ನಡ ಇರಬೇಕಾದ ಕಡೆ ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ‘ಎ’, ನಡುನಡುವೆ ಒಂದು ಜರ್ಮನ್ ಅಕ್ಷರ ಕಾಣಬಹುದು. ಹೀಗೇಕೆ?

ಮೊದಲು, ಕಾರ್ಯಾಚರಣ ವ್ಯವಸ್ಥೆಯೊಂದು ‘ನಿಲ್ಲುವುದು’ ಎಂದರೇನು ಎಂಬುದನ್ನು ನೋಡೋಣ. ಆ ದಿನ ಗಣಕ ಕೆಡುವುದಿಲ್ಲ. ಬೂದಿಕೋಟೆಗೆ ದೂರವಲ್ಲದ ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತಲ್ಲವೆ? ಮುಚ್ಚಿದ ಮರುದಿನ ಸುರಂಗಗಳು ಹಾಗೆಯೇ ಇದ್ದವು. ಆದರೆ ನೀರೆತ್ತುವ ಪಂಪು ನಿಂತ ಗಣಿಯಲ್ಲಿ ನೀರು ಮೆಲ್ಲಗೆ ಏರುತ್ತದೆ. ಇಲ್ಲಿಯೂ ಹಾಗೆಯೇ. ನಿಲ್ಲುವುದು ತಯಾರಕರ ದುರಸ್ತಿ ಕೆಲಸ. ಎಂಎಸ್-ಡಾಸ್ ಮತ್ತು ವಿಂಡೋಸ್ 95ಕ್ಕೆ 2001ರ ಕೊನೆಯಲ್ಲಿ, ವಿಂಡೋಸ್ 98ಕ್ಕೆ 2006ರ ಜುಲೈನಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಹೀಗಾಯಿತು. ಆಮೇಲೆ ಪತ್ತೆಯಾಗುವ ದೋಷಗಳಿಗೆ ಬಳಕೆದಾರರಿಗೆ ಸಾಮಾನ್ಯವಾಗಿ ತೇಪೆ ತಾನಾಗಿ ಸಿಗುವುದಿಲ್ಲ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಸುಮಾರು 150 ದೇಶಗಳ ಗಣಕಗಳನ್ನು ಕಾಡಿದಾಗ, ಮೈಕ್ರೋಸಾಫ್ಟ್ ಮೂರು ವರ್ಷ ಹಿಂದೆ ಕೈಬಿಟ್ಟಿದ್ದ ಎಕ್ಸ್‌ಪಿಗೂ ತುರ್ತಾಗಿ ತೇಪೆ ಹೊರಡಿಸಬೇಕಾಯಿತು. ಅದೊಂದು ಅಪವಾದ.

ಇದು ಎಲ್ಲ ಭಾಷೆಯವರಿಗೂ ಬಂದ ತೊಂದರೆ. ಕನ್ನಡಕ್ಕೆ ಇನ್ನೊಂದು ಸೇರಿಕೊಂಡಿತು. ಅದರ ಮೂಲ ಅಕ್ಷರಗಳಿಗೆ ಸಂಕೇತ ಕೊಟ್ಟ ರೀತಿಯಲ್ಲಿದೆ.

ವಿಂಡೋಸ್ 95, 98ರ ಕಾಲದ ಫಾಂಟುಗಳಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ ಹೆಚ್ಚೆಂದರೆ 256 ಸ್ಥಾನ. ನಮ್ಮ ಕಾಗುಣಿತ, ಒತ್ತಕ್ಷರಗಳು ಅದರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಅಕ್ಷರಗಳನ್ನು ತುಂಡು ಮಾಡಿ ಆ ತುಂಡುಗಳನ್ನು ಇಂಗ್ಲಿಷ್ ಮತ್ತಿತರ ಯೂರೋಪಿನ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಈ ದಾರಿಯಲ್ಲೇ ನಡೆದವು. ಅಂದು ಬೇರೆ ದಾರಿ ಸುಲಭವಿರಲಿಲ್ಲ. ಕನ್ನಡ ಗಣಕದಲ್ಲಿ ಮನೆಮಾತಾದದ್ದೇ ಇವುಗಳಿಂದ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದಲ್ಲಿ ಕೂರುವ ಸಂಖ್ಯೆಗಳು ಇವು: 80, 192, 163, 192, 223, 113, 192. ಮೂರು ಸಲ ಬಂದಿರುವ 192 ಯಾವುದು ಗೊತ್ತೆ? ತಲೆಕಟ್ಟು! 223 ಎಂಬುದು ನ ಒತ್ತು. ಕಡತದಲ್ಲಿರುವುದು ಕನ್ನಡದ ಅಕ್ಷರವಲ್ಲ, ಅದರ ಚಿತ್ರದ ಚೂರುಗಳು. ಆ ಫಾಂಟ್ ಇದ್ದರೆ ಇಂದಿನ ಗಣಕದಲ್ಲೂ ಓದಬಹುದು. ಇಲ್ಲದಿದ್ದರೆ 163 ಪೌಂಡ್ ಚಿಹ್ನೆಯಾಗಿಯೇ ಕಾಣುತ್ತದೆ, 223 ಜರ್ಮನ್ ಅಕ್ಷರವಾಗಿ.

ಇದಕ್ಕೂ ಮೊದಲಿನ ಡಾಸ್ ಕಾಲದಲ್ಲಿ ಬೇರೊಂದು ಉಪಾಯವಿತ್ತು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಗಣಕದೊಳಗೆ ಸಿಕ್ಕಿಸುತ್ತಿದ್ದರು. ಇದರ ಜೊತೆಗಿದ್ದ ‘ಇಸ್ಕಿ’ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಅದರಲ್ಲಿ ಕ ಎಂಬ ವರ್ಣಕ್ಕೆ ಒಂದು ಸಂಕೇತ. ತೆರೆಯ ಮೇಲೆ ಅದರ ಆಕಾರ ಹೇಗೆ ಎಂಬುದು ಕಾರ್ಡಿನ ಕೆಲಸ. ಕಾರ್ಡು ಹೋಯಿತು, ಅದನ್ನು ಸಿಕ್ಕಿಸುವ ಕಿಂಡಿಯೂ ಹೊಸ ಗಣಕಗಳಲ್ಲಿ ಇಲ್ಲ, ಡಾಸ್ ನಿಂತಿತು. ಆದರೂ ಇಸ್ಕಿಯಲ್ಲಿ ಉಳಿದ ಪಠ್ಯವನ್ನು ಯೂನಿಕೋಡಿಗೆ ತರುವುದು ಸುಲಭ. ಯೂನಿಕೋಡಿನ ಭಾರತೀಯ ಭಾಷೆಗಳ ಪಟ್ಟಿ ಇಸ್ಕಿಯ ಜೋಡಣೆಯನ್ನೇ ಅನುಸರಿಸಿದೆ. ಹಳೆಯ ಯಂತ್ರದ ಪಠ್ಯ, ಅದಕ್ಕಿಂತ ಹೊಸ ತಂತ್ರಾಂಶದ ಪಠ್ಯಕ್ಕಿಂತ ಚೆನ್ನಾಗಿ ಬಾಳಿಕೆ ಬಂದದ್ದು ವಿಚಿತ್ರವಲ್ಲವೆ?

ಕನ್ನಡ ಯೂನಿಕೋಡಿಗೆ ಬೆಂಬಲ ಕೊಟ್ಟ ಮೊದಲ ವಿಂಡೋಸ್ ಎಂದರೆ 2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿ. ಜೊತೆಗೆ ‘ತುಂಗಾ’ ಎಂಬ ಫಾಂಟೂ ಇತ್ತು. ಆದರೆ ಭಾರತೀಯ ಲಿಪಿಗಳ ಸೌಲಭ್ಯವನ್ನು ಬಳಕೆದಾರರೇ ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಿತ್ತು. ಪುಟವಿನ್ಯಾಸಕ್ಕೆ ಮುದ್ರಣಾಲಯಗಳು ನೆಚ್ಚಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ. ಹೀಗಾಗಿ ಎಕ್ಸ್‌ಪಿಯ ಇಡೀ ಆಯುಷ್ಯದಲ್ಲಿ ಕನ್ನಡದ ಬಹುಪಾಲು ಕೆಲಸ ಚೂರುಗಳಲ್ಲೇ ನಡೆಯಿತು.

ನಿಮ್ಮ ಬಳಿ ಅಂಥ ಕಡತಗಳಿದ್ದರೆ ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಯೂನಿಕೋಡಿನಲ್ಲಿ ‘ಕನ್ನಡ’ ಐದೇ ಸಂಖ್ಯೆ: 3221, 3240, 3277, 3240, 3233. ಇದರಲ್ಲಿ 3277 ವಿರಾಮ ಚಿಹ್ನೆ, ನ್ ಮತ್ತು ನ ಕೂಡಿಸುವ ಕೊಂಡಿ. ಇಲ್ಲಿ ತಲೆಕಟ್ಟಿಗೆ ಸಂಖ್ಯೆಯೇ ಇಲ್ಲ. ಪರಿವರ್ತಕಕ್ಕೆ ನಿಜವಾದ ಪರೀಕ್ಷೆ ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ರಕಾರವನ್ನು ನಾವು ಮೊದಲು ಉಚ್ಚರಿಸಿದರೂ ಬರೆಯುವುದು ಯಕಾರದ ನಂತರ. ಹಳೆಯ ಕಡತದಲ್ಲಿ ಅದು ಬರೆದ ಕ್ರಮದಲ್ಲಿ ಇರುತ್ತದೆ, ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ ಇರಬೇಕು. ಆದ್ದರಿಂದ ಪರಿವರ್ತಿಸಿದ ಮೇಲೆ ಸೂರ್ಯ, ವರ್ಗ, ಕಾರ್ಯ, ಊರ್ಜೆಯಂಥ ಪದಗಳನ್ನು ಮೊದಲು ನೋಡಿ. ಸಮೀಕರಣಗಳ ಅಂಕಿ, ಚಿಹ್ನೆಗಳನ್ನು ಮೂಲ ಮುದ್ರಿತ ಪ್ರತಿಯೊಂದಿಗೆ ಹೋಲಿಸಿ. ಅದಾಗುವವರೆಗೆ ಹಳೆಯ ಕಡತವನ್ನೂ ಅದರ ಫಾಂಟನ್ನೂ ಅಳಿಸಬೇಡಿ.